ಲೋಕಲ್ ಅಂದ್ರ ಯಾರು?

ಮೊನ್ನೆ ತಾಂಡೂರಿನಲ್ಲಿ ಹಲ್ಲಿನ ಡಾಕ್ಟರ ಬಳಿ ಹೋಗಿದ್ದೆ. ದವಡೆಯ ಹಲ್ಲೊಂದು ವಾರದಿಂದ ಊಟ, ನಿದ್ದೆ ಎರಡನ್ನೂ ಕೆಡಿಸಿತ್ತು. ದವಾಖಾನೆಯ ಬಾಗಿಲು ತೆರೆದ ಕೂಡಲೇ ಲವಂಗದೆಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಕುರ್ಚಿಯಲ್ಲಿ ಒರಗಿ ಬಾಯಿ ತೆರೆದಾಗ ಡಾಕ್ಟರು ಸೂಜಿ ಹಿಡಿದುಕೊಂಡು, “ಹೆದರಬ್ಯಾಡ್ರಿ, ಬರೀ ಲೋಕಲ್ ಕೊಡ್ಲತ್ತೀನಿ, ಆ ಜಾಗ ಅಷ್ಟೇ ಜೋಮು ಹಿಡೀತದ” ಎಂದರು. ನನ್ನ ಕಣ್ಣಲ್ಲಿ ನೀರು ಬಂತು. “ಇನ್ನಾ ಚುಚ್ಚೇ ಇಲ್ಲಲ್ರಿ!” ಎಂದು ಅವರು ನಕ್ಕರು. ತೆರೆದ ಬಾಯಲ್ಲಿ ನಾನು ಏನು ಹೇಳಲಿ? ಆ ವಾಸನೆ, ಆ ಪದ ಎರಡೂ ಒಟ್ಟಿಗೆ ಬಂದರೆ ನನಗೆ ನೆನಪಾಗುವವರು ಒಬ್ಬರೇ...

ಜಹೀರಾಬಾದಿನಲ್ಲಿ ನಮ್ಮ ಮನೆಯ ಎದುರಿಗಿದ್ದ ಇಂಗ್ಲಿಷ್ ಅಕ್ಕೋರು. ಪಾಠ ಹೇಳುವ ಹೆಂಗಸರನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತೇವೆ. ಓಣಿಯ ಮಕ್ಕಳಿಂದ ಹಿಡಿದು ಮುದುಕರವರೆಗೆ ಎಲ್ಲರಿಗೂ ಅವರು ಅಕ್ಕೋರೇ. ಖಾಸಗಿ ಶಾಲೆಯೊಂದರಲ್ಲಿ ಬೆಳಗಿನಿಂದ ಸಂಜೆವರೆಗೆ ಒದರಿ ಒದರಿ ಗಂಟಲು ಕಟ್ಟುತ್ತದೆಂದು ದವಡೆಯಲ್ಲಿ ಸದಾ ಒಂದು ಲವಂಗ ಇಟ್ಟುಕೊಂಡಿರುತ್ತಿದ್ದರು. ಮಾತಾಡಿದರೆ ಲವಂಗದ ವಾಸನೆ, ನಕ್ಕರೆ ಲವಂಗದ ವಾಸನೆ. ಆಗ ಅವರು ನಗುತ್ತಿದ್ದರು.

ನಾನು ನಾರಾಯಣಖೇಡದಿಂದ ಮದುವೆಯಾಗಿ ಆ ಓಣಿಗೆ ಬಂದವಳು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಬಜಾರಿನಲ್ಲಿ ದಖನಿ. ಇಷ್ಟೆಲ್ಲ ಬರುತ್ತಿದ್ದರೂ, ಬಿ.ಎಡ್. ಮುಗಿಸಿದ್ದರೂ ಇಂಗ್ಲಿಷ್ ಮಾತ್ರ ನಾಲಿಗೆಗೆ ಹತ್ತಿರಲಿಲ್ಲ. ಸರ್ಕಾರಿ ಟೀಚರ್ ಭರ್ತಿಯಲ್ಲಿ ಇಂಗ್ಲಿಷ್ ಕಲಿತರೆ ನಸೀಬು ಖುಲಾಯಿಸುತ್ತದೆಂದು ಯಾರೋ ಹೇಳಿದ ಮೇಲೆ ಹಿಂಜರಿಯುತ್ತಲೇ ಎದುರುಮನೆಯ ಪಡಸಾಲೆಗೆ ಹೋಗಿ ಕೂತೆ. “ಬಾ ತಂಗಿ, ಕೂಡು. ಇಬ್ಬರೂ ಕೂಡೇ ಪರೀಕ್ಷಾ ಬರಿಯೂಣು” ಎಂದರು. ಅವರಿಗೂ ಅದೇ ಕನಸು. ಖಾಸಗಿ ಶಾಲೆಯವರು ಕೊಡುವ ಸಂಬಳಕ್ಕೆ ಸಂಬಳ ಎನ್ನಲು ನಾಚಿಕೆಯಾಗುತ್ತದೆ ಎಂದು ಅವರೇ ಹೇಳುತ್ತಿದ್ದರು.

ಅವರು ಕಲಿಸುತ್ತಿದ್ದ ರೀತಿಯೇ ಬೇರೆ. ವ್ಯಾಕರಣ ಬಾಯಿಪಾಠ ಮಾಡಿಸುತ್ತಿರಲಿಲ್ಲ. ಯಾವುದಾದರೂ ಒಂದು ಪದ ಹಿಡಿದು ಅದರ ಬೇರಿಗೇ ಇಳಿಯುತ್ತಿದ್ದರು. “ಪದಕ್ಕೂ ತವರುಮನಿ ಇರ್ತದ ತಂಗಿ. ತವರು ಗೊತ್ತಾದ್ರ ಸ್ವಭಾವ ತಾನೇ ಗೊತ್ತಾಗ್ತದ” ಎನ್ನುವುದು ಅವರ ಮಾತು.

‘ಲೋಕಲ್’ ಎಂಬುದರ ತವರು ನನಗೆ ತಿಳಿದದ್ದು ಕುಕ್ಕರಿನ ರಬ್ಬರಿನ ದೆಸೆಯಿಂದ. ಇಬ್ಬರೂ ಬಜಾರಿಗೆ ಹೋಗಿದ್ದೆವು. ಅಂಗಡಿಯವನು, “ಲೋಕಲ್ ಕೊಡ್ಲೇನ್ರಿ, ಕಂಪನಿದು ಕೊಡ್ಲಿ? ಲೋಕಲ್ ಭಾಳ ದಿನಾ ಬಾಳಂಗಿಲ್ಲ” ಎಂದ. ಮನೆಗೆ ಬರುವ ದಾರಿಯುದ್ದಕ್ಕೂ ಅದೇ ಪಾಠ. ಲ್ಯಾಟಿನ್ನಿನಲ್ಲಿ ‘ಲೋಕಸ್’ ಎಂದರೆ ಜಾಗ, ಸ್ಥಳ. ಅದರಿಂದ ಲೋಕಲ್, ಅಂದರೆ ಆ ಜಾಗಕ್ಕೆ ಸೇರಿದ್ದು. ಜಾಗ ಹಂಚಿಕೊಟ್ಟರೆ ಅಲೋಕೇಟ್. ಜಾಗ ಬಿಟ್ಟು ಜಾಗಕ್ಕೆ ಓಡುವ ರೈಲಿನ ಇಂಜಿನ್ನು ಲೋಕೋಮೋಟಿವ್. ತೋಳಿನ ಎಲುಬು ತನ್ನ ಜಾಗದಿಂದ ಜಾರಿದರೆ ಡಿಸ್ಲೊಕೇಟ್. ಮಲಗುವ ಕೌಚ್ ಕೂಡ ಫ್ರೆಂಚರ ಮನೆ ಸುತ್ತಿ ಬಂದ ಅದೇ ವಂಶದ್ದು. ಇಂಗ್ಲೆಂಡಿನವರು ಮನೆಯ ಹತ್ತಿರದ ಶೆರೆ ಅಂಗಡಿಗೆ ಪ್ರೀತಿಯಿಂದ ‘ನಮ್ಮ ಲೋಕಲ್’ ಎನ್ನುತ್ತಾರಂತೆ. “ಅವರಿಗಿ ಲೋಕಲ್ ಅಂದ್ರ ತಮ್ಮದು. ನಮಗ ಲೋಕಲ್ ಅಂದ್ರ ಹಲ್ಕಾ ಮಾಲು. ನೋಡು, ನಮ್ಮೂರಾಗ ಮಾಡಿದ್ದು ನಮಗೇ ಕಮ್ಮಿ!” ಎಂದು ರಸ್ತೆಯಲ್ಲೇ ನಿಂತು ನಕ್ಕಿದ್ದರು. ಆದರೂ ಆ ದಿನ ಅವರು ಕೊಂಡದ್ದು ಲೋಕಲ್ ರಬ್ಬರೇ.

ಅವರ ತವರು ನಾಗಲಗಿದ್ದದ ಕಡೆಯ ಒಂದು ಹಳ್ಳಿ. ಕುರಿ ಸಾಕುವ ಮನೆತನ. ಅವರ ಹೊಲದ ಬದುವಿನಾಚೆಗೆ ಕರ್ನಾಟಕ. ಮೇವು ಎಲ್ಲಿದೆಯೋ ಅಲ್ಲಿಗೆ ಕುರಿ, ಕುರಿಯ ಹಿಂದೆ ಅಪ್ಪ. ಬೆಳಿಗ್ಗೆ ಈ ರಾಜ್ಯದಲ್ಲಿ ಮೇದ ಕುರಿ ಮಧ್ಯಾಹ್ನ ಆ ರಾಜ್ಯದಲ್ಲಿ ನೀರು ಕುಡಿದು ಸಂಜೆ ಮನೆಗೆ ಬರುತ್ತಿತ್ತು. ಆಗ ಆ ಹಳ್ಳಿಯಲ್ಲಿ ಹುಡುಗಿಯರು ದೊಡ್ಡ ಶಾಲೆಗೆ ಹೋಗುವ ಅನುಕೂಲ ಇರಲಿಲ್ಲ. ಓದುವ ಹಟ ಹಿಡಿದ ಮಗಳನ್ನು ಅಪ್ಪ ಬೀದರ್ ಜಿಲ್ಲೆಯಲ್ಲಿದ್ದ ಸೋದರಮಾವನ ಮನೆಯಲ್ಲಿ ಬಿಟ್ಟರು. ನಡೆದು ಹೋದರೆ ಮುಟ್ಟುವಷ್ಟೇ ದೂರ. ಅಲ್ಲೇ ಕನ್ನಡ ಶಾಲೆ, ಅಲ್ಲೇ ಕಾಲೇಜು. ಓದು ಮುಗಿಸಿ, ಮದುವೆಯಾಗಿ ಮತ್ತೆ ಈಚೆಗೆ, ಜಹೀರಾಬಾದಿಗೆ ಬಂದರು. ಗಂಡ ಕಾಳುಕಡಿಯ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಒಬ್ಬಳೇ ಮಗಳು. ಹೊರಸಿನ ಮೇಲೆ ಕೂತು ಎಲ್ಲದಕ್ಕೂ ಒಂದು ಮಾತು ಸೇರಿಸುವ ಮಾವ, ಗಂಡನ ಅಪ್ಪ. ಇಷ್ಟು ಅವರ ಸಂಸಾರ.

ಅಷ್ಟರಲ್ಲಿ ಆಂಧ್ರದಿಂದ ಬೇರೆ ರಾಜ್ಯ ಬೇಕೆಂದು ಊರಿಗೆ ಊರೇ ತೆಲಂಗಾಣ ತೆಲಂಗಾಣ ಎನ್ನತೊಡಗಿತು. ಹೆದ್ದಾರಿಯ ಪಕ್ಕದಲ್ಲಿ ಶಾಮಿಯಾನ ಎದ್ದಿತು. ಆಮೇಲೆ ದೊಡ್ಡ ಮುಷ್ಕರ ಬಂದು ಬಸ್ಸು ನಿಂತವು, ಶಾಲೆಗಳಿಗೆ ಬೀಗ ಬಿತ್ತು. ಖಾಸಗಿ ಶಾಲೆಯವರು ಪಾಠವಿಲ್ಲದ ದಿನಗಳಿಗೆ ಸಂಬಳವಿಲ್ಲ ಎಂದರು. ಅಕ್ಕೋರು ಕೇರ್ ಮಾಡಲಿಲ್ಲ. ಬೆಳಗಾಗುತ್ತಲೇ ಮನೆಗೆಲಸ ಮುಗಿಸಿ ನನ್ನನ್ನು ಎಳೆದುಕೊಂಡು ಶಾಮಿಯಾನಕ್ಕೆ ನಡೆದುಬಿಡುತ್ತಿದ್ದರು. ರಸ್ತೆಯ ಮೇಲೆಯೇ ಒಲೆ ಹೂಡಿ ಅಡಿಗೆ ಮಾಡುತ್ತಿದ್ದೆವು. ಮುಂಬೈ ಕಡೆಗೆ ಹೊರಟ ಲಾರಿಗಳು ಕಣ್ಣು ಹರಿಯುವಷ್ಟು ದೂರ ನಿಂತಿರುತ್ತಿದ್ದವು. ಡ್ರೈವರುಗಳಿಗೂ ನಮ್ಮದೇ ಅನ್ನ, ನಮ್ಮದೇ ಸಾರು.

ಆ ಶಾಮಿಯಾನದಲ್ಲಿ ಒಂದು ದಿನ ಅಕ್ಕೋರು ಮೈಕು ಹಿಡಿದು ‘ಲೋಕಲ್’ ಪಾಠ ಮಾಡಿದರು. ಅವರ ತೆಲುಗಿನಲ್ಲಿ ಕನ್ನಡದ ರಾಗ ಹಾಗೇ ಇರುತ್ತಿತ್ತು. ಲೋಕಸ್ ಎಂದರೆ ಜಾಗ, ಜಾಗ ಯಾರದೋ ನೌಕರಿ ಅವರದು, ನೀರು ಅವರದು ಎಂದರು. ಚಪ್ಪಾಳೆಯೋ ಚಪ್ಪಾಳೆ. ಜಿಲ್ಲಾ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ ಗುಮಾಸ್ತನೊಬ್ಬ ನಮ್ಮ ಶಾಮಿಯಾನದ ಮುಂದಾಳುಗಳಲ್ಲಿ ಒಬ್ಬ. ಅವನೂ ಗಡಿಯ ಕಡೆಯವನೇ, ಕನ್ನಡ ಬಲ್ಲವನು. “ಅಕ್ಕಾ, ನೀವು ದಿನಾ ಮಾತಾಡ್ಬೇಕು” ಎಂದು ಕೈ ಮುಗಿದ. ಅಂದಿನಿಂದ ಘೋಷಣೆ ಕೂಗಿಸುವ ಕೆಲಸ ಅಕ್ಕೋರ ಪಾಲಿಗೆ ಬಂತು. ಕರಾವಳಿ ಆಂಧ್ರದಿಂದ ಬಂದು ನೌಕರಿ ಹಿಡಿದವರ ಮೇಲೆ ‘ನಾನ್-ಲೋಕಲ್’ ಎಂದು ಅವರು ಮುಷ್ಟಿ ಎತ್ತಿದರೆ ನಾವೆಲ್ಲ ‘ಗೋ ಬ್ಯಾಕ್’ ಎನ್ನುತ್ತಿದ್ದೆವು. ಗಂಟಲು ಬಿದ್ದುಹೋಗಿ ಮನೆಗೆ ಬಂದರೆ ಅವರ ಮಾವ ಹೊರಸಿನ ಮೇಲಿಂದಲೇ, “ನಮ್ಮ ಕಾಲದಾಗ ಇಲ್ಲಿಯವ್ರಿಗಿ ಮುಲ್ಕಿ, ಹೊರಗಿನವ್ರಿಗಿ ಗೈರ್ ಮುಲ್ಕಿ ಅಂತಿದ್ರು. ಈಗ ಲೋಕಲ್ ಅಂತೀರಿ. ಜಗಳ ಅದೇ” ಎನ್ನುತ್ತಿದ್ದರು. “ಈ ಸಲಾ ಗೆಲ್ತೀವ್ರಿ ಮಾವಾ” ಎಂದು ಅಕ್ಕೋರು ನೀರು ಕುಡಿಯುತ್ತಿದ್ದರು.

ಮರುವರ್ಷ ಟೀಚರ್ ಭರ್ತಿ ಪರೀಕ್ಷೆ ಬಂತು. ಇಬ್ಬರೂ ಬರೆದೆವು. ನನಗೆ ಗೊತ್ತಿದ್ದ ಇಂಗ್ಲಿಷೆಲ್ಲ ಅವರ ಪಡಸಾಲೆಯದು. ಫಲಿತಾಂಶ ಬಂದಾಗ ಅವರ ಅಂಕಗಳು ನನ್ನ ಅಂಕಗಳಿಗಿಂತ ಎಷ್ಟೋ ಮೇಲಿದ್ದವು. ಅದೇನೂ ಆಶ್ಚರ್ಯವಲ್ಲ. ನನಗೆ ಸಿಕ್ಕರೆ ದೇವರ ದಯೆ, ಅವರಿಗಂತೂ ಸಿಕ್ಕಂತೆಯೇ ಎಂದು ಓಣಿಯೆಲ್ಲ ಮಾತಾಡಿಕೊಂಡಿತು. ಅಕ್ಕೋರು ಎಲ್ಲರ ಮನೆಗೂ ಪೇಡಾ ಕಳಿಸಿದರು.

ಸರ್ಟಿಫಿಕೇಟು ನೋಡುವ ದಿನ ಇಬ್ಬರೂ ಒಂದೇ ಬಸ್ಸಿನಲ್ಲಿ ಜಿಲ್ಲಾ ಕೇಂದ್ರಕ್ಕೆ ಹೋದೆವು. ಮೇಜಿನ ಹಿಂದೆ ಕೂತಿದ್ದವನು ನಮ್ಮ ಶಾಮಿಯಾನದ ಗುಮಾಸ್ತನೇ. ಅಕ್ಕೋರಿಗೆ ಖುಷಿಯಾಯಿತು. “ಏನ್ ತಮ್ಮಾ, ಆರಾಮಾ?” ಎಂದರು. ಅವನು ನಗುತ್ತಲೇ ಹಾಳೆ ತಿರುವಿದ. ತಿರುವುತ್ತಾ ತಿರುವುತ್ತಾ ಅವನ ಮುಖ ಸಣ್ಣದಾಯಿತು.

“ಅಕ್ಕಾ, ನೀವು ಸಾಲಿ ಎಲ್ಲಾ ಬೀದರ್ ಕಡೀಗಿ ಓದೀರಿ?”

“ಹೌದು. ಸೋದರಮಾವನ ಮನ್ಯಾಗಿದ್ದು ಓದೀನಿ.”

“ಹಂಗಾದ್ರ ನೀವು ನಾನ್-ಲೋಕಲ್ ಆಗ್ತೀರಿ ಅಕ್ಕಾ.”

ಅವರು ಮೊದಲು ನಕ್ಕರು. ಅವನು ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡರು. ಅವನು ನಗಲಿಲ್ಲ. ಆಗ ಅಕ್ಕೋರು ರೇಷನ್ ಕಾರ್ಡು, ಮತದಾರರ ಚೀಟಿ, ಅಪ್ಪನ ಹೊಲದ ಪಹಣಿ ಎಲ್ಲ ತೆಗೆದು ಮೇಜಿನ ಮೇಲೆ ಇಟ್ಟರು. “ನಮ್ಮ ಮುತ್ಯಾನ ಮುತ್ಯಾ ಇಲ್ಲೇ ಕುರಿ ಕಾಯ್ದಾನ. ನಾ ಹುಟ್ಟಿದ್ದು ಇಲ್ಲೇ, ಬಾಳೇ ಮಾಡದು ಇಲ್ಲೇ. ನಾ ಲೋಕಲ್ ಅಲ್ಲ ಅಂದ್ರ ಮತ್ಯಾರು?”

“ಹುಟ್ಟಿದ್ದು ನೋಡಂಗಿಲ್ಲ ಅಕ್ಕಾ, ಓದಿದ್ದು ನೋಡ್ತಾರ. ರೂಲ್ ಹಂಗದ. ನಾ ಏನ್ ಮಾಡ್ಲಿ ಹೇಳ್ರಿ?” ಎಂದ ಅವನ ದನಿಯೂ ಕುಗ್ಗಿತ್ತು. ಅವನ ತಪ್ಪು ಅಲ್ಲ, ಅದು ನನಗೆ ಆಗಲೂ ಗೊತ್ತಿತ್ತು. ಯಾರ ತಪ್ಪು ಎಂದು ಬೆರಳು ತೋರಿಸಲು ಅಲ್ಲಿ ಯಾರೂ ಇರಲಿಲ್ಲ. ಅದೇ ನನ್ನ ಹೊಟ್ಟೆ ಉರಿಸುವುದು.

ನಾನ್-ಲೋಕಲ್ ಎಂದ ಮೇಲೆ ಎಲ್ಲರಿಗೂ ತೆರೆದಿಟ್ಟಿದ್ದ ನಾಲ್ಕಾರು ಹುದ್ದೆಗಳಿಗೆ ಮಾತ್ರ ಅವರು ಹಕ್ಕುದಾರರು. ಅವು ಅವರಿಗಿಂತ ಮುಂದಿದ್ದವರಿಗೆ ಹೋದವು. ನಾರಾಯಣಖೇಡದಲ್ಲಿ ಓದಿದ ನಾನು ಲೋಕಲ್. ನನಗೆ ನೌಕರಿ ಸಿಕ್ಕಿತು.

ಅಂದು ಹಿಂದಿರುಗುವಾಗ ಬಸ್ಸಿನಲ್ಲಿ ಅವರು ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದರು. ಜಹೀರಾಬಾದ್ ಹತ್ತಿರ ಬಂದಾಗ ರಸ್ತೆಯ ಪಕ್ಕ ಶಾಮಿಯಾನ ಕಂಡಿತು. ಇನ್ನೂ ಯಾರೋ ಅಲ್ಲಿ ಕೂತಿದ್ದರು. ಅಕ್ಕೋರು ಮೆಲ್ಲಗೆ, “ಗೋ ಬ್ಯಾಕ್ ಅಂತ ಎಷ್ಟು ಕೂಗೀನಿ ತಂಗಿ... ಈಗ ಎಲ್ಲಿಗಿ ಹೋಗ್ಲಿ?” ಎಂದರು.

ಹೋಗಿ ನೋಡಿದರು ಕೂಡ. ಬೀದರ್ ಕಡೆಯ ಒಂದು ಕಚೇರಿಗೆ ನಾನೂ ಜೊತೆಗೆ ಹೋಗಿದ್ದೆ. ಅಲ್ಲಿದ್ದವರು ಒಳ್ಳೆಯ ಮಾತಿನವರೇ. ಚಹಾ ತರಿಸಿಕೊಟ್ಟು, “ನೀವು ಇಲ್ಲಿ ಓದೀರಿ ಖರೇ. ಆದ್ರ ಇರದು ಆಂಧ್ರದಾಗ ಅಲ್ಲೇನ್ರಿ? ನಮ್ಮಲ್ಲಿ ನೀವು ಹೊರಗಿನವರು ಆಗ್ತೀರಿ” ಎಂದರು. ಇಲ್ಲಿ ಓದಿದ್ದು ಕೇಳುತ್ತಾರೆ, ಅಲ್ಲಿ ಇರುವುದು ಕೇಳುತ್ತಾರೆ. ಅಕ್ಕೋರು ಚಹಾ ಮುಟ್ಟದೆ ಎದ್ದುಬಂದರು. ಹೊರಗೆ ಆಟೋದವನು ಎರಡು ರೂಪಾಯಿ ಹೆಚ್ಚು ಕೇಳಿದ್ದಕ್ಕೆ ಅವನ ಜೊತೆ ಜನ ಕೂಡುವ ಹಾಗೆ ಜಗಳ ಮಾಡಿದರು. ನಾನು ಕೈ ಹಿಡಿದು ಎಳೆದರೆ ನನ್ನ ಕೈಯನ್ನೂ ಕೊಡವಿದರು.

ನನಗೆ ರಾಯಿಕೋಡ್ ಕಡೆಯ ಶಾಲೆಗೆ ಹಾಕಿದರು. ಮೊದಲ ದಿನ ಬೆಳಿಗ್ಗೆ ಅವರೇ ಬಂದು ನನ್ನ ಸೀರೆಯ ನೆರಿಗೆ ಸರಿಮಾಡಿ ಪಿನ್ನು ಹಾಕಿದರು. ಅಂಗೈಯಲ್ಲಿ ನಾಲ್ಕು ಲವಂಗ ಇಟ್ಟು, “ಗಂಟಲಾ ಜ್ವಾಕಿ. ಹುಡುಗ್ರು ಭಾಳ ಒದರಸ್ತಾರ” ಎಂದರು. ಅಷ್ಟೇ. ಆಮೇಲೆ ನಾನು ಸಂಜೆ ಹೋದರೆ ತಲೆನೋವು ಎಂದು ಒಳಗೆ ಮಲಗಿರುತ್ತಿದ್ದರು. ಹಬ್ಬಕ್ಕೆ ಹೋಳಿಗೆ ಕೊಟ್ಟುಬಂದರೆ ಡಬ್ಬಿ ಮಗಳ ಕೈಯಲ್ಲಿ ವಾಪಸು ಬರುತ್ತಿತ್ತು. ನನಗೂ ಸಿಟ್ಟು ಬರುತ್ತಿತ್ತು. ನಾನೇನು ಕಸಿದುಕೊಂಡೆನೇ? ಒಳಗೆ ಹೋಗಿ ಹಾಗೆಂದು ಕೇಳಬೇಕೆಂದು ಎಷ್ಟೋ ಸಲ ಅವರ ಕಟ್ಟೆಯವರೆಗೆ ಹೋಗಿ ಬಂದಿದ್ದೇನೆ. ಅವರ ಒಂದು ಪದದ ಪಾಠವಿಲ್ಲದೆ ಶಾಲೆಯಲ್ಲಿ ನನ್ನ ಒಂದು ದಿನವೂ ಸಾಗುತ್ತಿರಲಿಲ್ಲ. ಅದು ಅವರಿಗೆ ಗೊತ್ತಿತ್ತೋ ಇಲ್ಲವೋ...

ಕಡೆಗೂ ರಾಜ್ಯ ಬಂತು. ಊರೆಲ್ಲ ಹೋರಾಟದ ಪಕ್ಷದ ಗುಲಾಬಿ ಬಣ್ಣ, ಪಟಾಕಿ, ಡಪ್ಪು ವಾದ್ಯ. ಹೆದ್ದಾರಿಯ ಪಕ್ಕದಲ್ಲೇ ವೇದಿಕೆ ಕಟ್ಟಿ, ಹೋರಾಟದಲ್ಲಿ ಕೂತ ಹೆಂಗಸರಿಗೆ ಶಾಲು ಹೊದಿಸುವ ಕಾರ್ಯಕ್ರಮ ಇಟ್ಟಿದ್ದರು. ಅಕ್ಕೋರು ಬರಲಾರರು ಎಂದುಕೊಂಡಿದ್ದೆ. ಬಂದರು. ಒಳ್ಳೆಯ ಸೀರೆ ಉಟ್ಟುಕೊಂಡು ಬಂದು ಮುಂದಿನ ಸಾಲಿನಲ್ಲೇ ಕೂತರು. ಹೆಸರು ಕರೆದಾಗ ವೇದಿಕೆ ಹತ್ತಿ, ಶಾಲು ಹೊದಿಸಿಕೊಂಡು, ನಿರೂಪಕನ ಕೈಯಿಂದ ಮೈಕು ತೆಗೆದುಕೊಂಡರು. ತೆಲುಗಿನಲ್ಲಿ ಕೇಳಿದರು, ನಾನು ಲೋಕಲ್ಲೋ ನಾನ್-ಲೋಕಲ್ಲೋ ಹೇಳಿ ಎಂದು.

ಜನ ನಕ್ಕರು. ಹಳೆಯ ಘೋಷಣೆಯನ್ನು ತಮಾಷೆಗೆ ನೆನಪಿಸುತ್ತಿದ್ದಾರೆ ಎಂದುಕೊಂಡರು. ಮುಖ್ಯ ಅತಿಥಿ ಎದ್ದು ನಿಂತು, “ಪಕ್ಕಾ ಲೋಕಲ್ ಅಮ್ಮಾ ಮೀರು!”, ನೀವು ಪಕ್ಕಾ ಲೋಕಲ್ ಅಮ್ಮಾ, ಎಂದರು. ಸಿಳ್ಳೆ ಬಿದ್ದವು, ಚಪ್ಪಾಳೆ ಬಿದ್ದವು. ಅಕ್ಕೋರು ಅದೆಲ್ಲ ನಿಲ್ಲುವವರೆಗೆ ಕಾದರು. ಆಮೇಲೆ ತೆಲುಗು ಬಿಟ್ಟು ಕನ್ನಡದಲ್ಲಿ, “ಹಂಗಾದ್ರ ಬರದು ಕೊಡ್ರಿ” ಎಂದರು.

“ಬರದು ಕೊಡ್ರಿ ಸಾಹೇಬ್ರ. ಇಷ್ಟು ಮಂದಿ ಮುಂದ ಅಂದೀರಿ. ಒಂದ್ ಸಹಿ ಮಾಡಿ ಕೊಡ್ರಿ, ನಾ ಹೋಗ್ತೀನಿ.” ಅತಿಥಿ ಪಕ್ಕದವರ ಕಿವಿಯಲ್ಲಿ ಏನೋ ಕೇಳಿದರು. ನಿರೂಪಕ ನಯವಾಗಿ ಮೈಕು ಬಿಡಿಸಿಕೊಂಡ. ಡಪ್ಪಿನವರು ಜೋರಾಗಿ ಬಡಿಯತೊಡಗಿದರು. ಅಕ್ಕೋರು ವೇದಿಕೆಯಿಂದ ಇಳಿದರು. ನಾನು ಓಡಿಹೋಗಿ ಜೊತೆಗೂಡಿದೆ. ಬಹಳ ದಿನಗಳ ಮೇಲೆ ಅವರು ನನ್ನ ಕೈ ಹಿಡಿದುಕೊಂಡರು. “ಆ ಶಾಲಾ ಅಲ್ಲೇ ಒಗದು ಬರಬೇಕಿತ್ರಿ” ಎಂದೆ ನಾನು. “ಯಾಕ ಒಗೀಲಿ? ಛಲೋ ಅದ. ಮಾವನ ಕಾಲಿಗಿ ಹೊಚ್ತೀನಿ, ಥಂಡಿ ಭಾಳ ಅಂತಾರ” ಎಂದರು.

ಅಂದಿನಿಂದ ಮತ್ತೆ ಬಾಗಿಲು ತೆರೆಯಿತು. ಆದರೆ ಪಾಠ ಮೊದಲಿನಂತಾಗಲಿಲ್ಲ. ರಾಜ್ಯ ಹೊಸದು, ಕಾಯ್ದೆ ಹಳೆಯದೇ ಇತ್ತು. ಮುಂದಿನ ಭರ್ತಿ ಈಗ ಬಂತು, ಆಗ ಬಂತು ಎಂದು ಕಾದರು. ಅದು ನಿಜವಾಗಿ ಬರುವ ಹೊತ್ತಿಗೆ ಅವರ ವಯಸ್ಸು ದಾಟಿತ್ತು. ಮಗಳನ್ನು ಮಾತ್ರ ಹಟದಿಂದ ಜಹೀರಾಬಾದಿನಲ್ಲೇ, ತೆಲುಗು ಶಾಲೆಯಲ್ಲೇ ಓದಿಸಿದರು. ಸೋದರಮಾವನ ಊರಿಗೆ ರಜೆಗೂ ಕಳಿಸಲಿಲ್ಲ. ಆ ಹುಡುಗಿ ಕನ್ನಡ ಆಡುತ್ತಾಳೆ, ಓದಲು ಬರುವುದಿಲ್ಲ. “ಇರ್ಲಿ. ಲೋಕಲ್ ಅಂತೂ ಆಗ್ತಾಳ” ಎಂದಿದ್ದರು ಅಕ್ಕೋರು. ಆ ಮಾತಿನಲ್ಲಿದ್ದ ಕಹಿ ಯಾವ ಲವಂಗಕ್ಕೂ ಹೋಗುವಂಥದ್ದಲ್ಲ.

ನನಗೆ ಈ ಕಡೆ, ತಾಂಡೂರಿಗೆ ವರ್ಗವಾಯಿತು. ಅವರಿಗೆ ಸಕ್ಕರೆ ಕಾಯಿಲೆ ಮೊದಲೇ ಇತ್ತು. ಅದು ಮೂತ್ರಪಿಂಡಕ್ಕೆ ತಗುಲಿತು. ಕಡೆಯ ಸಲ ನೋಡಲು ಹೋದಾಗ ಹಾಸಿಗೆಯಲ್ಲಿ ದಿಂಬಿಗೆ ಒರಗಿ ಕೂತಿದ್ದರು. ಈಗ ಯಾವ ಪಾಠ ನಡೆದಿದೆ ಎಂದು ಕೇಳಿದರು. ನಿಮ್ಮ ಹಾಗೆಯೇ ಪದಗಳ ತವರು ಹೇಳಿ ಕಲಿಸುತ್ತಿದ್ದೇನೆ ಎಂದೆ. ಅವರಿಗೆ ಸಂತೋಷವಾಗಬಹುದೆಂದು ಹೇಳಿದ್ದೆ. ಅವರು ದಿಂಬಿನಿಂದ ಸ್ವಲ್ಪ ಮೇಲೆದ್ದು ಕೂತರು.

“ನಾ ತವರಷ್ಟೇ ನೋಡ್ದೆ ತಂಗಿ, ಅದೇ ತಪ್ಪಾತು. ಪದಾನೂ ಹೆಣ್ಮಗಳೇ. ಯಾರ ಮನಿಗಿ ಸೊಸಿಯಾಗಿ ಹೋಗ್ಯದೋ ಅವರು ಹೇಳ್ದಂಗ ಕೇಳ್ತದ. ಹುಡುಗ್ರಿಗಿ ಅದೂ ಕಲಸು.”

ಅವರು ಹೋದ ಸುದ್ದಿ ತಡವಾಗಿ ತಿಳಿಯಿತು. ನಾನು ಮುಟ್ಟುವ ಹೊತ್ತಿಗೆ ನಾಗಲಗಿದ್ದದ ಕಡೆಯ ಆ ಹಳ್ಳಿಗೆ ಒಯ್ದು ಮಣ್ಣು ಮಾಡಿ ಎಲ್ಲರೂ ವಾಪಸು ಬಂದಿದ್ದರು. ಮುಖ ನೋಡಲಿಲ್ಲ. ಖಾಸಗಿ ಶಾಲೆಯವರು ಸಂತಾಪ ಸಭೆ ಮಾಡಿದರು. ಒಬ್ಬರಾದ ಮೇಲೊಬ್ಬರು ಎದ್ದು ನಿಂತು ನಮ್ಮೂರ ಮಗಳು, ಈ ಮಣ್ಣಿನ ಮಗಳು ಎಂದು ಹೊಗಳಿದರು. ಗುಮಾಸ್ತನೂ ಬಂದಿದ್ದ. ಹಿಂದಿನ ಸಾಲಿನಲ್ಲಿ ಟವಲು ಮುಖಕ್ಕೆ ಹಿಡಿದು ಕೂತಿದ್ದ. ನನ್ನನ್ನು ನಾಲ್ಕು ಮಾತಾಡಲು ಕರೆದರು. ಎದ್ದು ನಿಂತೆ. ಹೊಗಳಿಕೆಯನ್ನೆಲ್ಲ ಈಗ ಯಾರಿಗೆ ಕೊಡುತ್ತಿದ್ದೀರಿ, ಅವರು ಕೇಳಿದ್ದು ಒಂದೇ ಒಂದು ಸಾಲಲ್ಲವೇ ಎಂದೆ. ಯಾರೋ ಬಂದು ನನಗೆ ನೀರು ಕೊಟ್ಟು ಕೂರಿಸಿದರು.

ಹಲ್ಲು ಕೀಳಿಸಿದ ಮರುವಾರ ಸಂಬಂಧಿಕರ ಮದುವೆಗೆಂದು ಜಹೀರಾಬಾದಿಗೆ ಹೋಗಬೇಕಾಯಿತು. ಬೇಡವೆಂದರೂ ಕಾಲು ಹಳೆಯ ಓಣಿಗೇ ನಡೆದವು. ಅವರ ಮಾವ ತೀರಿಕೊಂಡರು, ಗಂಡ ಮಗಳ ಜೊತೆ ಹೈದರಾಬಾದಿಗೆ ಹೋದರು ಎಂದು ಕೇಳಿದ್ದೆ. ನಾನು ಕೂತು ಕಲಿತ ಪಡಸಾಲೆಗೆ ಷಟರ್ ಹಾಕಿಸಿ ಅಂಗಡಿ ಮಾಡಿದ್ದಾರೆ. ಬಿಹಾರದ ಕಡೆಯ ಯುವಕನೊಬ್ಬ ಅಲ್ಲಿ ಮೊಬೈಲ್ ರಿಪೇರಿ ಮಾಡುತ್ತಾನೆ. ಇಲ್ಲಿ ಒಬ್ಬರು ಇಂಗ್ಲಿಷ್ ಟೀಚರ್ ಇದ್ದರು, ಗೊತ್ತೇ ಎಂದು ಕೇಳಿದೆ. ಗೊತ್ತಿಲ್ಲ, ತಾನು ಹೊಸಬ ಎಂದ. ನಾನು ಅಲ್ಲೇ ನಿಂತದ್ದನ್ನು ನೋಡಿ ಮರ್ಯಾದೆಯಿಂದ ಸ್ಟೂಲು ಮುಂದಕ್ಕೆ ಸರಿಸಿದ.

“ಆಪ್ ಇಧರ್ ಕೇ ಲೋಕಲ್ ಹೈಂ ಕ್ಯಾ, ಮೇಡಂ?”

“ಮೈ ನೈ, ಬೇಟಾ” ಎಂದೆ. “ಲೋಕಲ್ ತೋ ಉನೋ ಥೇ.” ನಾನಲ್ಲ, ಲೋಕಲ್ ಅಂದರೆ ಅವರಿದ್ದರು.

ಅವರು ಅಂದರೆ ಯಾರು ಎಂದು ಅವನು ಕೇಳಲಿಲ್ಲ. ತಲೆಯಾಡಿಸಿ, ಕೈಯಲ್ಲಿದ್ದ ಫೋನಿನ ಹಿಂಬದಿ ಬಿಚ್ಚತೊಡಗಿದ.